ನಾಲ್ಕು ಡಿಸ್ಕಿನ ಮುಂದೆ ಒಂದು ಎಸ್‌ಎಸ್‌ಡಿ

ಮದುವೆ ಸೀಸನ್ ಮುಗಿಯುತ್ತಿದ್ದಂತೆ ಕಲಘಟಗಿಯ ಫೋಟೊ ಸ್ಟುಡಿಯೊಗಳಿಂದ ನನಗೆ ಬರುವ ದೂರು ಒಂದೇ: “ಅಣ್ಣಾರ, ಆಲ್ಬಮ್‌ಗೆ ಫೋಟೊ ಆರಿಸಾಕ ಕುಂತ್ರ ಕಂಪ್ಯೂಟರ್ ಭಾಳ ತಡಾ ಮಾಡಾಕತ್ತೈತ್ರಿ.” ಹೋಗಿ ನೋಡಿದರೆ ಏನೂ ಕೆಟ್ಟಿರುವುದಿಲ್ಲ. ನಾಲ್ಕು ಹಾರ್ಡ್ ಡಿಸ್ಕ್ ಕೂಡಿಸಿ ರೇಡ್-5 ಮಾಡಿರುತ್ತಾರೆ. ಒಂದು ಡಿಸ್ಕ್ ಹೋದರೂ ಉಳಿದ ಮೂರರಿಂದ ಫೋಟೊ ಸಿಗುತ್ತದೆ.

ತಡವಾಗುವುದು ತಿರುಗುವ ತಟ್ಟೆಯಲ್ಲಿ. ನಿಮಿಷಕ್ಕೆ 7200 ಸುತ್ತಿನ ಡಿಸ್ಕಿನಲ್ಲಿ ಬೇಕಾದ ಜಾಗ ಓದುವ ಹೆಡ್‌ನ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡ್ ದಾಟುತ್ತದೆ. ಹೆಡ್ ಸರಿಯುವ ಹೊತ್ತು ಬೇರೆ. ಅಲ್ಲೊಂದು ಇಲ್ಲೊಂದು ಕಡೆಯಿಂದ ಓದಬೇಕಾದಾಗ ಒಂದು ಡಿಸ್ಕ್ ಸೆಕೆಂಡಿಗೆ ನೂರರ ಆಸುಪಾಸಿನ ಬೇಡಿಕೆಗಳನ್ನಷ್ಟೇ ಪೂರೈಸೀತು. ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಹತ್ತಾರು ಸಾವಿರ ಪೂರೈಸುತ್ತದೆ. ರೇಡ್-5ರಲ್ಲಿ ಚೂರು ಬರೆಯಬೇಕೆಂದರೂ ನಾಲ್ಕು ಕೆಲಸ: ಹಳೆಯ ಮಾಹಿತಿ ಮತ್ತು ಪ್ಯಾರಿಟಿ (ಡಿಸ್ಕ್ ಹೋದಾಗ ಮಾಹಿತಿ ಮರಳಿ ಕಟ್ಟಲು ಇಟ್ಟ ಲೆಕ್ಕ) ಓದಬೇಕು, ಎರಡನ್ನೂ ಹೊಸದಾಗಿ ಬರೆಯಬೇಕು.

ಎಲ್ಲ ಫೋಟೊ ಹಿಡಿಸುವಷ್ಟು ಎಸ್‌ಎಸ್‌ಡಿ ಕೊಳ್ಳುವುದು ಸಣ್ಣ ಸ್ಟುಡಿಯೊಗೆ ಭಾರ. ನಮ್ಮೂರಲ್ಲಿ ತೊಟ್ಟಿಲಿಗೆ ಚಿತ್ರ ಬರೆಯುವವರು ಬೇಕಾದ ಬಣ್ಣವನ್ನಷ್ಟೇ ಮಗ್ಗುಲಿಗೆ ಇಟ್ಟುಕೊಂಡಂತೆ, ಪದೇಪದೇ ಬೇಕಾಗುವುದರ ಪ್ರತಿಯನ್ನು ಒಂದು ಸಣ್ಣ ಎಸ್‌ಎಸ್‌ಡಿಯಲ್ಲಿ ಇಟ್ಟರೆ ಸಾಕು. ಅದೇ ಕ್ಯಾಶ್. ಇದಕ್ಕೆಂದೇ ಲಿನಕ್ಸ್‌ನಲ್ಲಿ 2013ರ 3.10 ಆವೃತ್ತಿಯಿಂದ ‘ಬಿಕ್ಯಾಶ್’ ಇದೆ, ಉಚಿತವಾಗಿ. ಹಾಕುವ ಮುನ್ನ ರೇಡ್‌ನಲ್ಲಿರುವುದನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಡಲೇಬೇಕು.

ಮದುವೆ ವಿಡಿಯೊಗೆ ಮಾತ್ರ ಇದರಿಂದ ಲಾಭವಿಲ್ಲ. ಉದ್ದಕ್ಕೆ ಸಾಲಾಗಿ ಓದುವುದರಲ್ಲಿ ಹಾರ್ಡ್ ಡಿಸ್ಕ್ ಗಟ್ಟಿಯೇ. ಅದಕ್ಕೇ 4 ಎಂಬಿ ಮೀರಿದ ಸಾಲು ಓದನ್ನು ಬಿಕ್ಯಾಶ್ ತಾನಾಗಿಯೇ ನೇರ ಡಿಸ್ಕಿಗೆ ಬಿಡುತ್ತದೆ. ವೇಗ ಕಾಣುವುದು ಸಣ್ಣ ಪ್ರಿವ್ಯೂಗಳಲ್ಲಿ, ಫೋಟೊ ಪಟ್ಟಿಯ ಡೇಟಾಬೇಸ್‌ನಲ್ಲಿ. ಅದೂ ಮೊದಲ ಸಲ ತೆರೆದಾಗ ಅಲ್ಲ, ಮತ್ತೆ ಮತ್ತೆ ತೆರೆದಾಗ.

ಒಂದು ಮಾತನ್ನು ನಾನು ಒತ್ತಿ ಹೇಳುತ್ತೇನೆ. ರೈಟ್‌ಬ್ಯಾಕ್ ಎಂಬ ವಿಧಾನದಲ್ಲಿ ಹೊಸ ಫೋಟೊ ಮೊದಲು ಎಸ್‌ಎಸ್‌ಡಿಗೆ ಹೋಗಿ, ರೇಡ್‌ಗೆ ಆಮೇಲೆ ಇಳಿಯುತ್ತದೆ. ವೇಗವೇನೋ ಹೆಚ್ಚು. ನಡುವೆ ಆ ಒಂಟಿ ಎಸ್‌ಎಸ್‌ಡಿ ಸತ್ತರೆ ಇನ್ನೂ ಇಳಿಯದ್ದು ಹೋದಂತೆಯೇ. ನಾಲ್ಕು ಡಿಸ್ಕ್ ಕೂಡಿಸಿದ ಉದ್ದೇಶವೇ ಹಾಳು. ಒಬ್ಬರ ತಾಳಿ ಕಟ್ಟಿದ ಫೋಟೊ ಎರಡನೇ ಸಲ ತೆಗೆಯಲಾಗುವುದಿಲ್ಲ. ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುವಂತೆ ಮಿರರ್ ಮಾಡಿದ ಎರಡು ಎಸ್‌ಎಸ್‌ಡಿ ಮತ್ತು ಒಳ್ಳೆಯ ಯುಪಿಎಸ್ ಇಲ್ಲದ ಕಡೆ ನಾನು ರೈಟ್‌ಥ್ರೂ ಬಿಟ್ಟು ಬೇರೆ ಹಾಕುವುದಿಲ್ಲ. ಅದರಲ್ಲಿ ಫೋಟೊ ರೇಡ್‌ಗೆ ಮುಟ್ಟಿದ ಮೇಲೆಯೇ ‘ಉಳಿಸಿದೆ’ ಎಂಬ ಉತ್ತರ ಬರುತ್ತದೆ.