ಸುಟ್ಟ ಗಾಯಕ್ಕೆ ಮೊದಲು ತಣ್ಣೀರು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಸುಗ್ಗಿ ಬಂತೆಂದರೆ ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆ. ಕುದಿಯುವ ಚೊಗರು ಮೈಮೇಲೆ ಚೆಲ್ಲಿದರೆ ಬರೀ ಬಿಸಿನೀರಿನ ಹಾಗಲ್ಲ. ಮಂದ ಇರೋದರಿಂದ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ನಮ್ಮಂಥ ಖುಷ್ಕಿಯವರಿಗೆ ಮೆಕ್ಕೆಜೋಳದ ದಂಟು ಸುಡುವಾಗಿನ ಬೆಂಕಿ.

ಎರಡಕ್ಕೂ ಮೊದಲ ಮದ್ದು ಹರಿಯುವ ತಣ್ಣೀರು. ಅಬ್ಬಿ ನೀರಾಗಲಿ, ನಲ್ಲಿ ನೀರಾಗಲಿ, ಗಡಿಯಾರ ನೋಡಿ 20 ನಿಮಿಷ ಬಿಡಿ. 3 ತಾಸಿನೊಳಗೆ ಮಾಡಿದರೂ ಗುಣ ಉಂಟು. ಐಸ್ ಬೇಡ. ಬಾವು ಬರುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಅಂಟಿದ ಬಟ್ಟೆ ಎಳೆಯಬೇಡಿ, ಬೊಕ್ಕೆ ಒಡೆಯಬೇಡಿ. ತುಪ್ಪ, ಶಾಯಿ, ಅರಿಶಿನ, ಟೂತ್‌ಪೇಸ್ಟ್ ಹಚ್ಚಿದರೆ ಡಾಕ್ಟರಿಗೆ ಗಾಯದ ಆಳವೇ ಕಾಣೋದಿಲ್ಲ. ಒಗೆದ ಪಂಚೆ ಸಡಿಲವಾಗಿ ಹೊದಿಸಿ. ಉಳಿದ ಮೈ ಬೆಚ್ಚಗಿರಲಿ, ಮಕ್ಕಳಿಗಂತೂ ಇದು ಮುಖ್ಯ.

ಗಾಯ ಅಂಗೈಗಿಂತ ದೊಡ್ಡದಿದ್ದರೆ, ಇಲ್ಲವೇ ಮುಖ, ಕೈ, ಕೀಲಿನ ಮೇಲಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಹೊಗೆಯದು ಬೇರೆ ಮಾತು. ಕೊಟ್ಟಿಗೆಗೋ ಅಡಿಕೆ ಒಣಗಿಸುವ ಕೋಣೆಗೋ ಬೆಂಕಿ ಬಿದ್ದಾಗ ಹೊಗೆ ಕುಡಿದವರ ಮೈಮೇಲೆ ಗಾಯವೇ ಇರದಿರಬಹುದು. ಮೂಗಿನಲ್ಲಿ ಮಸಿ, ಒಡೆದ ದನಿ, ಕೆಮ್ಮು, ತಲೆ ಸುತ್ತು ಕಂಡರೆ "ಸುಧಾರಿಸಿಕೊಳ್ತಾನೆ" ಅಂತ ಮಲಗಿಸಬೇಡಿ. ಕೆಲವು ತಾಸಿನಲ್ಲಿ ಗಂಟಲು ಊದಿ ಉಸಿರು ಕಟ್ಟಬಹುದು. ಗಾಳಿಗೆ ತಂದು ಕೂರಿಸಿ, 108ಕ್ಕೆ ಫೋನ್ ಮಾಡಿ. ಇವರಿಗೆ ಬೇಕಾದ ಆಮ್ಲಜನಕ ಇರೋದು ಅಲ್ಲೇ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ತೀರ್ಥಹಳ್ಳಿಯಿಂದಲೇ 60 ಕಿ.ಮೀ. ಗಾಡಿ ಬರುವ ತನಕದ ಹೊತ್ತು ನಮ್ಮ ಕೈಲಿದೆ. ಹಂಡೆ ಒಲೆಗೇರಿಸುವ ಮೊದಲು ಪಕ್ಕದಲ್ಲಿ ನೀರಿನ ಪೈಪು ಎಳೆದಿಡಿ.