ಯಾದವಗಿರಿಯಲ್ಲಿ ಹುಟ್ಟಿದ ಜಾವಾ, ಯೆಜ್ಡಿ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಭಾರತದ ಮೋಟಾರ್ ಸೈಕಲ್ ಚರಿತ್ರೆಯಲ್ಲಿ ಒಂದು ಇಡೀ ಅಧ್ಯಾಯ. 1960ರ ದಶಕದ ಆರಂಭದಿಂದ 1996ರವರೆಗೆ ಇಲ್ಲಿ ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನ ಗಾಡಿಗಳು ತಯಾರಾದವು. ಕಾರ್ಖಾನೆ ಮುಚ್ಚಿ ಕಾಲು ಶತಮಾನ ದಾಟಿದೆ. ಗಾಡಿಗಳು ಮಾತ್ರ ಈಗಲೂ ಓಡುತ್ತಿವೆ. ಮೈಸೂರು, ಬೆಂಗಳೂರುಗಳ ರಸ್ತೆಯಲ್ಲಿ ಆ ‘ಡುಗ್ ಡುಗ್’ ಸದ್ದು ಕೇಳಿದರೆ ಐವತ್ತು ದಾಟಿದವರು ಇಂದಿಗೂ ತಿರುಗಿ ನೋಡುತ್ತಾರೆ.

ಜಾವಾದ ಮೂಲ ಚೆಕೊಸ್ಲೊವಾಕಿಯಾ. ಪ್ರಾಗ್‌ನಲ್ಲಿ ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಎಂಜಿನಿಯರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡರು. ರೋಮನ್ ಲಿಪಿಯಲ್ಲಿ ತಮ್ಮ ಕುಲನಾಮದ ಮೊದಲ ಎರಡು ಅಕ್ಷರ (Ja), ವಾಂಡರರ್‌ನ ಮೊದಲ ಎರಡು ಅಕ್ಷರ (Wa) ಸೇರಿಸಿ ಹೊಸ ಗಾಡಿಗೆ ನಾಮಕರಣ ಮಾಡಿದರು. ಮೊದಲು ಹೊರಬಂದ 500 ಸಿಸಿ ಗಾಡಿ ದುಬಾರಿ. ಅದೇ ಹೊತ್ತಿಗೆ ಜಗತ್ತನ್ನು ಆರ್ಥಿಕ ಕುಸಿತ ಆವರಿಸಿತು. ಕಂಪನಿ ನೆಲೆ ಕಂಡುಕೊಂಡದ್ದು 1932ರಲ್ಲಿ, ಇಂಗ್ಲೆಂಡಿನ ವಿನ್ಯಾಸಕಾರ ಜಾರ್ಜ್ ಪ್ಯಾಚೆಟ್ ರೂಪಿಸಿದ 175 ಸಿಸಿಯ ಅಗ್ಗದ ಗಾಡಿಯಿಂದ. ಜನಸಾಮಾನ್ಯರ ಕೈಗೆಟುಕುವ ಸಣ್ಣ ಟೂ ಸ್ಟ್ರೋಕ್ ಎಂಜಿನ್ನೇ ತನ್ನ ದಾರಿ ಎಂದು ಜಾವಾ ಆಗ ಕಲಿಯಿತು. ಮುಂದೆ ಮೈಸೂರಿಗೆ ಬಂದದ್ದೂ ಆ ಪಾಠವೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ದೇಶ ಜರ್ಮನ್ನರ ವಶದಲ್ಲಿತ್ತು. ಆಗಲೂ ಜಾವಾದ ಎಂಜಿನಿಯರುಗಳು ಕದ್ದುಮುಚ್ಚಿ 250 ಸಿಸಿಯ ಹೊಸ ಗಾಡಿಯೊಂದನ್ನು ಸಿದ್ಧಪಡಿಸಿದರು. ಯಾನೆಚೆಕ್ 1941ರಲ್ಲಿ ತೀರಿಕೊಂಡರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಆ ಗಾಡಿ ‘ಪೆರಾಕ್’ ಎಂಬ ಹೆಸರಿನಲ್ಲಿ ಬೆಳಕಿಗೆ ಬಂತು. ಕಾರ್ಖಾನೆಯೂ ಸರ್ಕಾರದ ಸ್ವತ್ತಾಯಿತು. 1954ರಲ್ಲಿ ಹಿಂದಿನ ಚಕ್ರಕ್ಕೆ ಸ್ವಿಂಗ್ ಆರ್ಮ್ ಇರುವ ಮಾದರಿ ಬಂತು. ಮೈಸೂರಿನ ಜಾವಾ ಇದರ ನೇರ ಸಂತತಿ.

ಭಾರತಕ್ಕೆ ಜಾವಾ ತಂದವರು ಮುಂಬಯಿಯ ಪಾರ್ಸಿ ಸಮುದಾಯದ ಇರಾನಿ ಕುಟುಂಬದವರು. 1950ರ ದಶಕದಲ್ಲಿ ಅವರು ಸಿದ್ಧ ಗಾಡಿಗಳನ್ನು ಆಮದು ಮಾಡಿಕೊಂಡು ಮಾರುತ್ತಿದ್ದರು. ವಿದೇಶಿ ವಿನಿಮಯದ ಕೊರತೆಯಿದ್ದ ಕಾಲ ಅದು. ಸರ್ಕಾರ ವಾಹನಗಳ ಆಮದಿಗೆ ಕಡಿವಾಣ ಹಾಕಿ, ಬೇಕಿದ್ದರೆ ಇಲ್ಲಿಯೇ ತಯಾರಿಸಿ ಎಂದಿತು.  ಅದಕ್ಕೆ ಇರಾನಿಯವರು ಆರಿಸಿಕೊಂಡದ್ದು ಮೈಸೂರನ್ನು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಸ್ಥಾಪಿಸಿದ ಐಡಿಯಲ್ ಜಾವಾ (ಇಂಡಿಯಾ) ಲಿಮಿಟೆಡ್‌ನ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಅರಮನೆ, ರೇಷ್ಮೆ, ಗಂಧದೆಣ್ಣೆಗೆ ಹೆಸರಾಗಿದ್ದ ಊರಿನ ಗುರುತಿಗೆ ಮೋಟಾರ್ ಸೈಕಲ್ಲೂ ಸೇರಿತು.

ಮೊದಮೊದಲು ಬಿಡಿಭಾಗಗಳು ಚೆಕೊಸ್ಲೊವಾಕಿಯಾದಿಂದ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ಕ್ರಮೇಣ ಒಂದೊಂದಾಗಿ ಭಾಗಗಳು ಇಲ್ಲಿಯೇ ತಯಾರಾದವು. ಗಟ್ಟಿ ಮೆರೂನ್ ಬಣ್ಣ, ಟ್ಯಾಂಕಿನ ಎರಡೂ ಪಕ್ಕ ಹೊಳೆಯುವ ಕ್ರೋಮ್, ಮಂಡಿ ಒತ್ತಿಕೊಳ್ಳಲು ರಬ್ಬರ್ ಪ್ಯಾಡು, ಅಂಚಿನಲ್ಲಿ ಸಣ್ಣ ಬಂಗಾರದ ಗೆರೆ. ಹೆಡ್‌ಲೈಟಿನ ಉದ್ದನೆಯ ಬುರುಡೆಯೊಳಗೇ ಸ್ಪೀಡೋಮೀಟರು. ಚಕ್ರಗಳು 16 ಇಂಚಿನವು; ಹಾಗಾಗಿ ಗಾಡಿ ನೆಲಕ್ಕೆ ಹತ್ತಿರ, ಕುಳ್ಳಗಿನವರಿಗೂ ಕಾಲೂರಲು ಸಲೀಸು. ಚೈನಿಗೆ ಪೂರ್ತಿ ಮುಚ್ಚಿದ ಕವಚವಿತ್ತು. ಮಣ್ಣು, ಕೆಸರು ತಾಗದ ಚೈನು ವರ್ಷಗಟ್ಟಲೆ ಬಾಳುತ್ತಿತ್ತು. ಡಾಂಬರು ಕಾಣದ ಹಳ್ಳಿ ರಸ್ತೆಗಳ ನಾಡಿನಲ್ಲಿ ಇದು ಸಣ್ಣ ಸೌಕರ್ಯವಲ್ಲ.

ಎಂಜಿನ್ನಿನ ವಿಚಾರಕ್ಕೆ ಬಂದರೆ, ಜಾವಾದ ಜಾಣ್ಮೆ ಇರುವುದು ಅದರ ಸರಳತೆಯಲ್ಲಿ. ಸಿಲಿಂಡರ್ ಒಂದೇ. 65 ಮಿಲಿಮೀಟರ್ ಬೋರ್, 75 ಮಿಲಿಮೀಟರ್ ಸ್ಟ್ರೋಕ್. ಲೆಕ್ಕ ಹಾಕಿದರೆ 250 ಸಿಸಿಗೆ ತುಸು ಕಡಿಮೆ. ಶಕ್ತಿ ಸುಮಾರು 12 ಅಶ್ವಶಕ್ತಿ. ಟೂ ಸ್ಟ್ರೋಕ್ ಆದ್ದರಿಂದ ವಾಲ್ವ್, ಕ್ಯಾಮ್, ಟ್ಯಾಪೆಟ್ಟುಗಳ ಗೋಜಿಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತ ಸಿಲಿಂಡರ್ ಗೋಡೆಯ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಕೋಣೆಯೊಳಕ್ಕೆ ಪೆಟ್ರೋಲು ಬೆರೆತ ಗಾಳಿ ಎಳೆದುಕೊಳ್ಳುತ್ತದೆ. ಇಳಿಯುವಾಗ ಅದೇ ಗಾಳಿ ಒತ್ತಡಕ್ಕೆ ಸಿಕ್ಕಿ ಪಕ್ಕದ ಕಿಂಡಿಗಳಿಂದ ಮೇಲಕ್ಕೆ ನುಗ್ಗಿ, ಸುಟ್ಟ ಹೊಗೆಯನ್ನು ಹೊರದಬ್ಬುತ್ತದೆ. ಹೊಗೆ ಹೋಗಲು ಎರಡು ಕಿಂಡಿ, ಎರಡು ಪೈಪು, ಎರಡು ಸೈಲೆನ್ಸರು. ಒಂದೇ ಸಿಲಿಂಡರಿಗೆ ಜೋಡಿ ಸೈಲೆನ್ಸರ್ ಇರುವುದನ್ನು ಕಂಡು ಇದು ಎರಡು ಸಿಲಿಂಡರಿನ ಗಾಡಿಯೇ ಇರಬೇಕೆಂದು ಭಾವಿಸಿದವರು ಬಹಳ. ಆ ಪ್ರಖ್ಯಾತ ಸದ್ದಿಗೂ ಈ ಜೋಡಿ ಕೊಳವೆಗಳೇ ಕಾರಣ.

ಎಂಜಿನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನ ಜೊತೆಗೇ ಒಳಗೆ ಹೋಗಬೇಕು. ಬಂಕಿನಲ್ಲಿ ಪ್ರತಿ ಲೀಟರಿಗೆ ಸುಮಾರು 40 ಮಿಲಿಲೀಟರ್ ಆಯಿಲ್ ಬೆರೆಸಿ ಹಾಕಿಸಿಕೊಳ್ಳುವುದು ಜಾವಾ ಸವಾರರಿಗೆ ಅಭ್ಯಾಸವಾಗಿತ್ತು. ಕಡಿಮೆಯಾದರೆ ಪಿಸ್ಟನ್ ಸೀಜ್ ಆಗುತ್ತದೆ. ಹೆಚ್ಚಾದರೆ ಪ್ಲಗ್ಗು ಎಣ್ಣೆ ಕುಡಿದು ಕರಿಹಿಡಿಯುತ್ತದೆ, ಹಿಂದೆ ಬರುವವರಿಗೆ ಹೊಗೆಯ ಕಾಟ.

ಜಾವಾವನ್ನು ಬೇರೆ ಗಾಡಿಗಳಿಂದ ಬೇರ್ಪಡಿಸುವ ಇನ್ನೊಂದು ಗುರುತು ಅದರ ಎಡಗಡೆಯ ಲಿವರ್. ಕಿಕ್ಕರೂ ಅದೇ, ಗೇರೂ ಅದೇ. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರು. ಒದ್ದು ಎಂಜಿನ್ ಚಾಲೂ ಆದ ಮೇಲೆ ಮುಂದಕ್ಕೆ ಇಳಿಸಿದರೆ ನಾಲ್ಕು ಗೇರಿನ ಲಿವರ್. ಇದಕ್ಕೆ ಅಂಟಿಕೊಂಡು ಮತ್ತೊಂದು ಚಮತ್ಕಾರವಿದೆ. ಲಿವರನ್ನು ಕಾಲಿನಿಂದ ಅದುಮಿದೊಡನೆ ಒಳಗಿನ ಒಂದು ಕ್ಯಾಮು ಕ್ಲಚ್ಚನ್ನು ತಾನೇ ಬಿಡಿಸುತ್ತದೆ. ಹಾಗಾಗಿ ಗಾಡಿ ಹೊರಡುವಾಗ ಮಾತ್ರ ಕೈಯಲ್ಲಿ ಕ್ಲಚ್ ಹಿಡಿದರೆ ಸಾಕು, ಓಡುತ್ತಿರುವಾಗ ಕಾಲೊಂದರಿಂದಲೇ ಗೇರು ಬದಲಿಸಬಹುದು. ಕ್ಲಚ್ ಕೇಬಲ್ ದಾರಿ ಮಧ್ಯೆ ತುಂಡಾದರೂ ಪಳಗಿದ ಸವಾರ ಮನೆ ಸೇರುತ್ತಿದ್ದ. 1940ರ ದಶಕದಲ್ಲೇ ಹೊಳೆದ ಈ ಉಪಾಯ, ಮೋಟಾರ್ ಸೈಕಲ್ ವಿನ್ಯಾಸದಲ್ಲಿ ಕಂಡ ಅತ್ಯಂತ ಚೊಕ್ಕ ಉಪಾಯಗಳಲ್ಲೊಂದು.

ಚೆಕ್ ಕಂಪನಿಯೊಂದಿಗಿನ ಒಪ್ಪಂದದ ಅವಧಿ ಮುಗಿದು 1973ರಿಂದ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. ಎಂಜಿನ್ನಿನ ಮೂಲ ಅದೇ ಆದರೂ ಮೈಕಟ್ಟು ಬದಲಾಯಿತು. ಚಕ್ರ ದೊಡ್ಡದಾಯಿತು, ಗಾಡಿ ನೀಳವಾಯಿತು. ಡಿಲಕ್ಸ್, ಕ್ಲಾಸಿಕ್, ಸಿಎಲ್ 2, ಮೊನಾರ್ಕ್ ಎಂದು ಮಾದರಿಗಳು ಒಂದರ ಹಿಂದೊಂದು ಬಂದವು. 175 ಸಿಸಿಯದೂ ಇತ್ತು. ಹುಡುಗರಿಗೆಂದು 60 ಸಿಸಿಯ ಜೆಟ್, ಕೋಲ್ಟ್‌ಗಳೂ ಇದ್ದವು. ಆಯಿಲ್‌ಕಿಂಗ್ ಎಂಬ ಮಾದರಿಯಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುವ ಕೆಲಸ ತಪ್ಪಿಸಲು ಬೇರೆ ಟ್ಯಾಂಕು, ಪಂಪು ಇಟ್ಟಿದ್ದರು. ಪಂಪು ಕೈಕೊಟ್ಟರೆ ಎಂಜಿನ್ನೇ ಹೋಗುತ್ತದೆಂದು ಹೆದರಿ ಅದನ್ನು ತೆಗೆಸಿ ಹಳೆಯ ಪದ್ಧತಿಗೇ ಮರಳಿದ ಮಾಲೀಕರು ಕಡಿಮೆಯಿಲ್ಲ. 80ರ ದಶಕದಲ್ಲಿ 350 ಸಿಸಿಯ ಎರಡು ಸಿಲಿಂಡರಿನ ಗಾಡಿಯೂ ಬಂತು. ಅದು ಕುಡಿಯುವ ಪೆಟ್ರೋಲಿನಿಂದಾಗಿ ಕೊಂಡವರು ಮಾತ್ರ ಕೆಲವರೇ. ಇಂದು ಅದು ಕೈಗೆ ಸಿಗುವುದೇ ಅಪರೂಪ.

ಇವೆಲ್ಲದರ ನಡುವೆ ಜನ ಮನಸ್ಸಿಟ್ಟದ್ದು ರೋಡ್‌ಕಿಂಗ್ ಮೇಲೆ. 1978ರಲ್ಲಿ ಬಂದ ಈ ಗಾಡಿ ಕಾರ್ಖಾನೆಯ ಕೊನೆಯ ದಿನದವರೆಗೂ ತಯಾರಾಯಿತು. 16 ಅಶ್ವಶಕ್ತಿ, ಎತ್ತರದ ಹ್ಯಾಂಡಲ್, ಗಟ್ಟಿ ಚಾಸಿ. ಕಾಲೇಜು ಹುಡುಗರ ಕನಸೂ ಅದೇ, ರ‍್ಯಾಲಿ ಮತ್ತು ಮೋಟೋಕ್ರಾಸ್ ಸವಾರರ ಆಯ್ಕೆಯೂ ಅದೇ. ಕಂಪನಿಯ ಜಾಹೀರಾತಿನಲ್ಲಿ ‘ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ’ ಎಂಬ ಮಾತಿರುತ್ತಿತ್ತು. ಜಾಹೀರಾತಿನ ಮಾತು ಇಷ್ಟರ ಮಟ್ಟಿಗೆ ನಿಜವಾದ ಉದಾಹರಣೆ ಬೇರೆ ಸಿಗುವುದು ಕಷ್ಟ.

ಅದು ನಿಜವಾದದ್ದಕ್ಕೆ ಕಾರ್ಖಾನೆಯಷ್ಟೇ ಹೊರಗಿನ ಮೆಕ್ಯಾನಿಕ್ಕುಗಳೂ ಕಾರಣ. ನಾಲ್ಕು ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಉಪ್ಪುಕಾಗದ ಇದ್ದರೆ ರಸ್ತೆ ಬದಿಯಲ್ಲೇ ಹೆಡ್ಡು ಬಿಚ್ಚಬಹುದಾದ ಎಂಜಿನ್ ಇದು. ಪಾಯಿಂಟ್ ಉಜ್ಜಿ ಗ್ಯಾಪ್ ಸರಿಮಾಡುವುದು, ಕಂಡೆನ್ಸರ್ ಬದಲಿಸುವುದು, ಕಾರ್ಬುರೇಟರಿನ ಜೆಟ್ ಊದುವುದು ಮಾಲೀಕರಿಗೇ ಬರುತ್ತಿತ್ತು. ಸೈಲೆನ್ಸರಿನೊಳಗೆ ಇಂಗಾಲ ಕಟ್ಟಿ ಗಾಡಿ ಎಳೆಯದಾದಾಗ ಒಳಗಿನ ಬ್ಯಾಫಲ್ ತೆಗೆದು ಬೆಂಕಿಯಲ್ಲಿ ಸುಟ್ಟು ಬಡಿದು ಮತ್ತೆ ಸೇರಿಸುತ್ತಿದ್ದರು. ಸಿಲಿಂಡರ್ ಸವೆದರೆ ಲೇತಿನವರಲ್ಲಿ ಬೋರ್ ಮಾಡಿಸಿ, ಒಂದು ಸೈಜು ದೊಡ್ಡ ಪಿಸ್ಟನ್ ಹಾಕಿದರೆ ಎಂಜಿನ್ನಿಗೆ ಮತ್ತೊಂದು ಜನ್ಮ. ಕಷ್ಟದ ಕೆಲಸವೆಂದರೆ ಕ್ರ್ಯಾಂಕಿನದು. ಕನೆಕ್ಟಿಂಗ್ ರಾಡ್ ಬದಲಿಸಿ ಕ್ರ್ಯಾಂಕಿನ ಎರಡು ಚಕ್ರಗಳನ್ನು ಮತ್ತೆ ಒತ್ತಿ ಕೂರಿಸುವಾಗ ಕೂದಲೆಳೆ ಓರೆಯಾದರೂ ಗಾಡಿ ನಡುಗುತ್ತದೆ. ಕ್ರ್ಯಾಂಕಿನ ಪಕ್ಕದ ಆಯಿಲ್ ಸೀಲು ಹೋದರಂತೂ ಗೇರ್ ಆಯಿಲ್ ಎಂಜಿನ್ನಿಗೆ ನುಗ್ಗಿ ಬೀದಿಯೆಲ್ಲ ಬಿಳಿ ಹೊಗೆ. ಸದ್ದು ಕೇಳಿಯೇ ಕಾಯಿಲೆ ಹೇಳುವ ಮೆಕ್ಯಾನಿಕ್ಕುಗಳು ಈ ಗಾಡಿಗಳ ಸುತ್ತಲೇ ಬೆಳೆದರು. ಅವರಲ್ಲಿ ಎಷ್ಟೋ ಮಂದಿ ಶಾಲೆಯಲ್ಲಿ ಕಲಿತವರಲ್ಲ. ಅವರ ವಿದ್ಯೆಯನ್ನು ಯಾವ ಎಂಜಿನಿಯರಿಂಗ್ ವಿದ್ಯೆಗೂ ಕಡಿಮೆಯೆಂದು ಹೇಳಲಾಗದು.

ಕುಸಿತ ಶುರುವಾದದ್ದು 80ರ ದಶಕದ ನಡುವೆ. ಜಪಾನಿನ ಕಂಪನಿಗಳ ಕೂಡಿಕೆಯಲ್ಲಿ ಇಂಡ್ ಸುಜುಕಿ, ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100 ಒಂದರ ಬೆನ್ನಿಗೊಂದು ಬಂದವು. ಯೆಜ್ಡಿ ಲೀಟರಿಗೆ ಮೂವತ್ತರ ಆಸುಪಾಸು ಕೊಡುತ್ತಿದ್ದರೆ ಹೀರೋ ಹೋಂಡಾ ಅದರ ದುಪ್ಪಟ್ಟು ಮೀರಿ ಕೊಡುತ್ತಿತ್ತು, ಎಣ್ಣೆ ಬೆರೆಸುವ ರಗಳೆಯೂ ಇರಲಿಲ್ಲ. ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವವರು ಆ ಕಡೆ ವಾಲಿದ್ದು ಸಹಜ. ಯೆಜ್ಡಿಯ ಎಂಜಿನ್ನಿನ ಮೂಲ ವಿನ್ಯಾಸ ಅಷ್ಟೂ ವರ್ಷ ಹೆಚ್ಚು ಬದಲಾಗಿರಲಿಲ್ಲ. ಕಂಪನಿಯ ದೊಡ್ಡ ಕೊರತೆ ಇದೇ. ಕಾರ್ಮಿಕರೊಂದಿಗಿನ ತಿಕ್ಕಾಟವೂ ಸೇರಿಕೊಂಡಿತು. 1996ರಲ್ಲಿ ಹೊಗೆಯ ನಿಯಮಗಳು ಬಿಗಿಯಾದಾಗ ಹಳೆಯ ಟೂ ಸ್ಟ್ರೋಕ್ ಎಂಜಿನ್ನಿಗೆ ದಾರಿ ಉಳಿಯಲಿಲ್ಲ. ಆ ವರ್ಷವೇ ಯಾದವಗಿರಿಯ ಕಾರ್ಖಾನೆ ನಿಂತಿತು. ಅಲ್ಲಿ ದುಡಿದ ಕುಟುಂಬಗಳಿಗೆ ಅದು ದೊಡ್ಡ ಪೆಟ್ಟು.

ಕಂಪನಿ ಹೋದ ಮೇಲೂ ಗಾಡಿಗಳನ್ನು ಉಳಿಸಿದವರು ಅಭಿಮಾನಿಗಳು. ಬೆಂಗಳೂರು, ಮೈಸೂರು, ಪುಣೆ, ಹೈದರಾಬಾದುಗಳಲ್ಲಿ ಕ್ಲಬ್ಬುಗಳು ಹುಟ್ಟಿದವು. ಪ್ರತಿ ವರ್ಷ ಜುಲೈ ತಿಂಗಳ ಒಂದು ಭಾನುವಾರ ಅಂತರರಾಷ್ಟ್ರೀಯ ಜಾವಾ ಯೆಜ್ಡಿ ದಿನವೆಂದು ಸವಾರರು ಒಟ್ಟಿಗೆ ಸೇರುತ್ತಾರೆ. ಅಜ್ಜನ ಗಾಡಿಯನ್ನು ಮೊಮ್ಮಗಳು ಓಡಿಸಿಕೊಂಡು ಬರುವುದೂ ಉಂಟು. 2018ರ ನವೆಂಬರಿನಲ್ಲಿ ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮತ್ತೆ ತಂದಿತು, 2022ರ ಜನವರಿಯಲ್ಲಿ ಯೆಜ್ಡಿಯನ್ನೂ ತಂದಿತು. ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿ ಇದರಲ್ಲಿ ಪಾಲುದಾರರು. ಯೆಜ್ಡಿ ಹೆಸರು ಯಾರಿಗೆ ಸೇರಬೇಕೆಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. ಹೊಸ ಗಾಡಿಗಳು ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವ ಎಂಜಿನ್ನಿನವು. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹಳೆಯದರ ನೆನಪಿಗೆ ಮೊದಲ ಮಾದರಿಯಲ್ಲಿ ಜೋಡಿ ಸೈಲೆನ್ಸರ್ ಉಳಿಸಿಕೊಂಡಿದ್ದಾರೆ.

ಹಳೆಯ ಗಾಡಿ ಕೊಳ್ಳುವ ಆಸೆಯಿದ್ದವರು ಮೊದಲು ನೋಡಬೇಕಾದದ್ದು ಕಾಗದಪತ್ರ. ಎಂಜಿನ್ ಮತ್ತು ಚಾಸಿ ನಂಬರು ಆರ್‌ಸಿಯೊಂದಿಗೆ ತಾಳೆಯಾಗದಿದ್ದರೆ, ಗಾಡಿ ಎಷ್ಟೇ ಹೊಳೆಯುತ್ತಿದ್ದರೂ ಕೈ ಹಾಕಬಾರದು. 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಹಳೆಯ ನಂಬರನ್ನು ಉಳಿಸಿಕೊಳ್ಳಲು ಅದರಲ್ಲಿ ಅವಕಾಶವಿದೆ. ‘ಎಂವೈ’ ಎಂದು ಶುರುವಾಗುವ ಹಳೆಯ ಮೈಸೂರು ರಾಜ್ಯದ ಫಲಕಗಳಿರುವವರಿಗೆ ಇದು ಸಂತೋಷದ ಸಂಗತಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕೆಲಸಕ್ಕಲ್ಲದೆ ದಿನನಿತ್ಯ ಓಡಿಸುವಂತಿಲ್ಲ.

ಯಾದವಗಿರಿಯ ಕಾರ್ಖಾನೆಯಲ್ಲಿ ದುಡಿದವರು ಈಗ ಇಳಿವಯಸ್ಸಿನಲ್ಲಿದ್ದಾರೆ. ಅವರ ಮನೆಗಳಲ್ಲಿ ಸರ್ವಿಸ್ ಪುಸ್ತಕ, ನಕ್ಷೆ, ಕಾರ್ಖಾನೆಯ ಫೋಟೋ, ಅಳತೆಯ ಉಪಕರಣ, ಬಳಸದೆ ಉಳಿದ ಬಿಡಿಭಾಗಗಳು ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹತ್ತಿರದ ಕ್ಲಬ್ಬಿಗೋ ಸಂಗ್ರಹಾಲಯಕ್ಕೋ ತಲುಪಿಸಿ. ಆ ಹಿರಿಯರು ಹೇಳುವುದನ್ನು ಬರೆದಿಡಿ.