ಲಕ್ಷದ್ವೀಪಕ್ಕೆ ಗಾಜಿನ ಎಳೆ

ಮಂಗಳೂರಿನ ಹಳೇ ಬಂದರಿನಿಂದ ದಿನಸಿ, ತರಕಾರಿ, ಕಟ್ಟಡದ ಸಾಮಗ್ರಿ ಹೇರಿಕೊಂಡು ಮಂಜಿಗಳು ಲಕ್ಷದ್ವೀಪಕ್ಕೆ ಹೊರಡುವುದು ಕರಾವಳಿಯವರಿಗೆ ಹೊಸತಲ್ಲ. ಅಮಿನಿ, ಕಿಲ್ತಾನ್, ಕಡಮತ್ ಮುಂತಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಸರಕಿಗೆ ಕಡಲದಾರಿ ಇತ್ತು. ಆದರೆ ಹೊರಜಗತ್ತಿನೊಡನೆ ಮಾತಿಗೂ ಇಂಟರ್ನೆಟ್‌ಗೂ ದ್ವೀಪದ ಜನ ಬಹುಕಾಲ ಉಪಗ್ರಹವನ್ನೇ ನೆಚ್ಚಿಕೊಳ್ಳಬೇಕಿತ್ತು. 2024ರ ಜನವರಿ 3ರಂದು ಕವರತ್ತಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಲಕ್ಷದ್ವೀಪ ಕೇಬಲ್ ಈ ಸ್ಥಿತಿಯನ್ನು ಬದಲಿಸಿತು. ಸುಮಾರು 1,868 ಕಿ.ಮೀ. ಉದ್ದದ ಈ ಜಾಲ 11 ದ್ವೀಪಗಳನ್ನು ತಲುಪಿದೆ. ಸರ್ಕಾರ ಕೊಟ್ಟ ಲೆಕ್ಕದಂತೆ, ಸೆಕೆಂಡಿಗೆ 1.7 ಗಿಗಾಬಿಟ್‌ನಷ್ಟಿದ್ದ ಸಾಮರ್ಥ್ಯ 200 ಗಿಗಾಬಿಟ್‌ಗೆ ಏರುತ್ತದೆ.

ನೀರಿನಡಿ ತಂತಿ ಎಳೆಯುವ ಕಷ್ಟ ಏಕೆ? ಉಪ್ಪುನೀರು ವಿದ್ಯುತ್ ವಾಹಕ. ನಮ್ಮ ಮೊಬೈಲ್ ಬಳಸುವಂಥ ರೇಡಿಯೊ ಅಲೆಗಳು ಅದರೊಳಗೆ ಒಂದು ಮಾರು ಸಾಗುವುದೂ ಕಷ್ಟ. ಸೂರ್ಯನ ಬೆಳಕು ಕೂಡ 200 ಮೀಟರ್ ಆಳ ದಾಟುವಷ್ಟರಲ್ಲಿ ಬಹುತೇಕ ಇಂಗಿಹೋಗುತ್ತದೆ. ಶಬ್ದವೇನೋ ದೂರ ಸಾಗುತ್ತದೆ, ಆದರೆ ಅದು ಹೊರಬಲ್ಲ ಮಾಹಿತಿ ತೀರಾ ಕಡಿಮೆ. ಆದ್ದರಿಂದ ಬೆಳಕಿಗೆ ನೀರಿನ ಸೋಂಕೇ ತಾಗದ ಹಾದಿಯೊಂದು ಬೇಕು. ಆ ಹಾದಿಯೇ ಗಾಜು.

ಕೂದಲೆಳೆಯಷ್ಟು ಸಪೂರವಾದ ಈ ಗಾಜಿನ ನಡುವಿನ ತಿರುಳಿಗೂ ಹೊರಕವಚಕ್ಕೂ ವಕ್ರೀಭವನದಲ್ಲಿ ಕೊಂಚ ವ್ಯತ್ಯಾಸವಿರುತ್ತದೆ. ಹೀಗಾಗಿ ತಿರುಳಿಗಿಳಿದ ಲೇಸರ್ ಬೆಳಕು ಹೊರಗೆ ಸೋರದೆ ಒಳಗೇ ಮುಂದೆ ಸಾಗುತ್ತದೆ. ದೊಡ್ಡ ತೊಡಕಿದ್ದದ್ದು ಗಾಜಿನ ಕಲ್ಮಶದಲ್ಲಿ. ಒಂದು ಕಿಲೋಮೀಟರ್ ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು, ಸಂದೇಶ ಕಳಿಸಬಹುದು ಎಂದು 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ತೋರಿಸಿಕೊಟ್ಟರು. ಅಂದಿನ ಗಾಜಿಗೆ ಅಷ್ಟೂ ಅಸಾಧ್ಯವಾಗಿತ್ತು. ಇಂದಿನ ಗಾಜಿನಲ್ಲಿ ಅದೇ ಒಂದು ಪಾಲು ನೂರು ಕಿಲೋಮೀಟರ್ ಆಚೆಗೂ ಉಳಿದಿರುತ್ತದೆ. ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಂತು.

ಸಾಗರಗಳನ್ನೇ ದಾಟುವ ಉದ್ದನೆಯ ಕೇಬಲ್‌ಗಳಲ್ಲಿ ಸರಿಸುಮಾರು 60ರಿಂದ 100 ಕಿ.ಮೀ.ಗೊಂದರಂತೆ ರಿಪೀಟರ್ ಕೂರಿಸುತ್ತಾರೆ. ಅದರೊಳಗೆ ಎರ್ಬಿಯಂ ಧಾತು ಬೆರೆಸಿದ ಫೈಬರ್ ಇರುತ್ತದೆ. ಬಳಲಿ ಬಂದ ಬೆಳಕನ್ನು ಅದು ವಿದ್ಯುತ್ತಾಗಿ ಮಾರ್ಪಡಿಸದೆ ಹಾಗೆಯೇ ವರ್ಧಿಸುತ್ತದೆ. ಇದಕ್ಕೆ ಬೇಕಾದ ವಿದ್ಯುತ್ತು ದಡದಿಂದ ಸಾವಿರಾರು ವೋಲ್ಟ್‌ಗಳಲ್ಲಿ ಕೇಬಲ್ಲಿನ ತಾಮ್ರದ ಮೂಲಕವೇ ಹರಿಯುತ್ತದೆ. ಆಳಸಮುದ್ರದಲ್ಲಿ ಇಡೀ ಕೇಬಲ್ ಹೆಬ್ಬೆರಳಿಗಿಂತ ದಪ್ಪವಿರುವುದಿಲ್ಲ. ದಡ ಹತ್ತಿರವಾದಂತೆ ಅದಕ್ಕೆ ಉಕ್ಕಿನ ತಂತಿಗಳ ಕವಚ ತೊಡಿಸಿ, ಸಾಧ್ಯವಾದಲ್ಲೆಲ್ಲ ತಳದ ಮಣ್ಣಿನಲ್ಲಿ ಹೂಳುತ್ತಾರೆ. ಕೇಬಲ್‌ಗಳಿಗೆ ಹೆಚ್ಚು ಪೆಟ್ಟು ಬೀಳುವುದು ಮೀನುಬಲೆ ಮತ್ತು ಹಡಗಿನ ಲಂಗರುಗಳಿಂದ; ಅವೆರಡೂ ಆಳವಿಲ್ಲದ ನೀರಿನಲ್ಲೇ ಹೆಚ್ಚು.

ತುಂಡಾದ ಜಾಗವನ್ನು ಹುಡುಕುವ ಬಗೆ ಸೊಗಸಾಗಿದೆ. ದಡದಿಂದ ಬೆಳಕಿನ ಒಂದು ಮಿಡಿತವನ್ನು ಕಳಿಸುತ್ತಾರೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಪ್ರತಿಫಲನ ಒಂದು ಮಿಲಿಸೆಕೆಂಡಿನಲ್ಲಿ ಮರಳಿತೆಂದರೆ ಹೋಗಿಬಂದ ದೂರ 200 ಕಿ.ಮೀ., ಅಂದರೆ ತುಂಡಾದದ್ದು ನೂರನೇ ಕಿಲೋಮೀಟರಿನಲ್ಲಿ. ದುರಸ್ತಿ ಹಡಗು ಅಲ್ಲಿಗೆ ಹೋಗಿ, ಕೊಕ್ಕೆ ಇಳಿಬಿಟ್ಟು ತುದಿಗಳನ್ನು ಮೇಲೆತ್ತುತ್ತದೆ. ಹಡಗಿನಲ್ಲಿರುವ ತಂತ್ರಜ್ಞರು ಒಂದೊಂದೇ ಎಳೆಯನ್ನು ಕರಗಿಸಿ ಬೆಸೆಯುತ್ತಾರೆ.

ಕಷ್ಟವೆಂದರೆ ಆ ಹಡಗು ಎಲ್ಲೆಡೆ ಹತ್ತಿರದಲ್ಲಿರುವುದಿಲ್ಲ. 2022ರ ಜನವರಿ 15ರಂದು ಪೆಸಿಫಿಕ್‌ನ ಟೋಂಗಾದಲ್ಲಿ ಕಡಲಡಿಯ ಜ್ವಾಲಾಮುಖಿ ಸಿಡಿದು, ಹೊರಜಗತ್ತಿಗಿದ್ದ ಒಂದೇ ಕೇಬಲ್ ಹರಿಯಿತು. ಅದನ್ನು ಸರಿಪಡಿಸಲು ಐದು ವಾರ ಹಿಡಿಯಿತು. ಸಂಕಟದ ಹೊತ್ತಿನಲ್ಲಿ ಹೊರದೇಶದಲ್ಲಿದ್ದ ಬಂಧುಗಳಿಗೆ ತಮ್ಮವರ ಸುದ್ದಿಯೇ ದಿನಗಟ್ಟಲೆ ಸಿಗಲಿಲ್ಲ.

ಕೇಬಲ್ ಹಾಕಿ ದೀಪ ಬೆಳಗಿದರೆ ಕೆಲಸ ಮುಗಿಯಲಿಲ್ಲ ಎಂಬುದೇ ಟೋಂಗಾದ ಪಾಠ. ವೈದ್ಯರ ಸಲಹೆ, ಬ್ಯಾಂಕು, ಚಂಡಮಾರುತದ ಎಚ್ಚರಿಕೆ ಎಲ್ಲವೂ ಈ ಎಳೆಯನ್ನೇ ನೆಚ್ಚುವಾಗ ದ್ವೀಪಗಳಿಗೆ ಬದಲಿ ಮಾರ್ಗ, ಉಪಗ್ರಹದ ಆಸರೆ ಮತ್ತು ದುರಸ್ತಿ ಹಡಗಿನ ಸೌಲಭ್ಯ ಮೂರೂ ಇರಲೇಬೇಕು. ಇವುಗಳ ಖರ್ಚನ್ನು ಮೊದಲ ಅಂದಾಜು ಪಟ್ಟಿಯಲ್ಲೇ ಸೇರಿಸಬೇಕು.